ಎರಿ ನಾಡಿನ ಪಿಕಪ್‌ಗೆ ಎಂಥ ಟೈರ್?

ಬೈಲಹೊಂಗಲದ ಟೈರ್ ಅಂಗಡಿಗಳಲ್ಲಿ ಗಿರಾಕಿ ಮೊದಲು ಕೇಳುವುದು ‘ಎಷ್ಟ ಕಿಲೋಮೀಟರ ಓಡತೈತ್ರಿ?’ ಅಂತ. ಎರಡನೆಯದು ರೇಟು. ‘ಎಷ್ಟ ಹಿಡೀತೈತಿ?’ ಎಂದು ಕೇಳುವವರು ಮೊದಲು ಇರಲೇ ಇಲ್ಲ ಎನ್ನಬಹುದು. ಈಗ ಅಲ್ಲೊಬ್ಬರು ಇಲ್ಲೊಬ್ಬರು ಕೇಳತೊಡಗಿದ್ದಾರೆ. ಕಾರಣ ಗಾಡಿಗಳೇ. 2016ರಲ್ಲಿ ಇಸುಜು ಕಂಪನಿ ಡಿ-ಮ್ಯಾಕ್ಸ್ ವಿ-ಕ್ರಾಸ್ ತಂದಿತು, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂತು. ಹೈಲಕ್ಸ್ ಜೋಡಣೆಯಾಗುವುದು ನಮ್ಮ ಬಿಡದಿಯಲ್ಲೇ. 2.8 ಲೀಟರಿನ ಅದರ ಡೀಸೆಲ್ ಎಂಜಿನ್ನಿಗೆ 204 ಕುದುರೆ ಬಲ. ಆಟೊಮ್ಯಾಟಿಕ್ ಗೇರಿನ ಗಾಡಿಯಲ್ಲಿ ಟಾರ್ಕ್ 500 ನ್ಯೂಟನ್ ಮೀಟರ್. ಕಬ್ಬಿನ ದುಡ್ಡು ಕೈಗೆ ಬಂದ ವರ್ಷ ಇಂಥದೊಂದು ಗಾಡಿ ತಂದು ಮನೆ ಮುಂದೆ ನಿಲ್ಲಿಸಿದವರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕಿನಲ್ಲಿ ಸಿಗುತ್ತಾರೆ. ಹೆದ್ದಾರಿಯಲ್ಲಿ ಒತ್ತಿ ಓಡಿಸಿದ ಮೇಲೆ ಅವರಿಗೆ ಒಂದು ವಿಷಯ ಹೊಳೆಯುತ್ತದೆ: ಎಂಜಿನ್ನಿನ ತಾಕತ್ತು ಟೈರಿಗೆ ಇಲ್ಲ. ಆಗ ಹುಡುಕಾಟ ಶುರುವಾಗುತ್ತದೆ, ಇನ್ನೂ ಗಟ್ಟಿಯಾಗಿ ರಸ್ತೆ ಹಿಡಿಯುವ ಟೈರ್ ಯಾವುದು ಎಂದು.

ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಸಿಗುವ ಉತ್ತರಗಳು ಮಾತ್ರ ಬೇರೆ ದೇಶದ ರಸ್ತೆ ನೋಡಿ ಹುಟ್ಟಿದವು.

ಜೋರಾಗಿ ಓಡುವ ಪಿಕಪ್ ಎಂಬ ಹುಚ್ಚು ಅಮೆರಿಕದ್ದು. ಜಿಎಂಸಿ ಕಂಪನಿ 1991ರಲ್ಲಿ ಸೈಕ್ಲೋನ್ ಎಂಬ ಪುಟ್ಟ ಪಿಕಪ್ ಮಾಡಿತು. 4.3 ಲೀಟರ್ ಟರ್ಬೊ ಎಂಜಿನ್, 280 ಕುದುರೆ ಬಲ, ನಾಲ್ಕೂ ಚಕ್ರಕ್ಕೆ ಎಳೆತ. ಅದೇ ವರ್ಷ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ಅದನ್ನು ಫೆರಾರಿ ಜೊತೆ ಕಾಲು ಮೈಲು ಓಡಿಸಿ ನೋಡಿದಾಗ ಪಿಕಪ್ಪೇ ಮುಂದೆ ಬಂತು. ಆಮೇಲೆ ಫೋರ್ಡ್ ಲೈಟ್ನಿಂಗ್, 2004ರಲ್ಲಿ 8.3 ಲೀಟರಿನ ಹತ್ತು ಸಿಲಿಂಡರ್ ಹೊತ್ತ ಡಾಡ್ಜ್ ರಾಮ್ ಎಸ್‌ಆರ್‌ಟಿ-10. ಆ ಡಾಡ್ಜಿನ ಟೈರ್ 305 ಮಿಲಿಮೀಟರ್ ಅಗಲ, ರಿಮ್ 22 ಇಂಚು. ಇವೆಲ್ಲ ಹೆಸರಿಗೆ ಪಿಕಪ್, ಮೈಯೆಲ್ಲ ರೇಸ್ ಕಾರು. ಸೈಕ್ಲೋನಿನ ಹೊರೆ ಎಷ್ಟೆಂದರೆ 500 ಪೌಂಡ್, ಅಂದರೆ ಸುಮಾರು 227 ಕಿಲೊ. ನಮ್ಮ ಕಡೆಯ ನಾಲ್ಕೈದು ಚೀಲ ಗೋವಿನಜೋಳ ಹೇರಿದರೆ ಮುಗಿಯಿತು. ಹೊರೆಯನ್ನು ಕೈಬಿಟ್ಟದ್ದರಿಂದಲೇ ಆ ಗಾಡಿಗಳಿಗೆ ಮೆತ್ತನೆ ರಬ್ಬರಿನ ಟೈರ್ ಹಾಕಲು ಬಂತು.

ರಬ್ಬರ್ ರಸ್ತೆಯನ್ನು ಹಿಡಿಯುವುದು ಎರಡು ಬಗೆಯಲ್ಲಿ. ಒಂದು, ರಬ್ಬರಿನ ಮೈ ಮತ್ತು ಕಲ್ಲಿನ ಮೈ ನೇರ ತಾಗಿದಾಗ ಹುಟ್ಟುವ ಸೆಳೆತ. ಇದಕ್ಕೆ ರಸ್ತೆ ಒಣಗಿರಬೇಕು, ಚೊಕ್ಕಟವಾಗಿರಬೇಕು. ಇನ್ನೊಂದು, ಜಲ್ಲಿಯ ಉಬ್ಬುತಗ್ಗಿನ ಮೇಲೆ ಹಾಯುವಾಗ ರಬ್ಬರ್ ಒತ್ತಿಕೊಂಡು, ತಟ್ಟನೆ ಮೊದಲಿನ ಆಕಾರಕ್ಕೆ ಮರಳದೆ, ಆ ವಿಳಂಬದಲ್ಲಿ ಶಕ್ತಿ ನುಂಗುವುದು. ರಸ್ತೆ ಒದ್ದೆಯಾದಾಗ ನಮ್ಮನ್ನು ಕಾಯುವುದು ಹೆಚ್ಚಾಗಿ ಈ ಎರಡನೆಯದು. ರಬ್ಬರ್ ಮೆತ್ತಗಾದಷ್ಟೂ ಎರಡೂ ಹೆಚ್ಚುತ್ತವೆ, ಸವೆತವೂ ಹೆಚ್ಚುತ್ತದೆ. ಹಿಡಿತ ಬೇಕು, ಬಾಳಿಕೆಯೂ ಬೇಕು ಎಂದರೆ ಬಹುಕಾಲ ಆಗದ ಮಾತಾಗಿತ್ತು. 1990ರ ದಶಕದ ಶುರುವಿನಲ್ಲಿ ಮಿಶೆಲಿನ್ ಕಂಪನಿ ಇಂಗಾಲದ ಮಸಿಯ ಬಹುಪಾಲು ಜಾಗಕ್ಕೆ ಸಿಲಿಕಾ ಬೆರೆಸಿದ ಟೈರ್ ಪೇಟೆಗೆ ಬಿಟ್ಟ ಮೇಲೆ ಆ ಮಾತು ಅರ್ಧಕ್ಕರ್ಧ ಸುಳ್ಳಾಯಿತು. ಒದ್ದೆ ರಸ್ತೆಯಲ್ಲಿ ಹಿಡಿತ ಉಳಿಸಿಕೊಂಡು ಇಂಧನವನ್ನೂ ಉಳಿಸುವ ಟೈರ್ ಸಾಧ್ಯವಾದದ್ದು ಹಾಗೆ. ಇಂದು ಎಸ್‌ಯುವಿಗೆಂದು ಮಾರುವ ಒಳ್ಳೆಯ ಟೈರುಗಳ ಮೇಲ್ಪದರದಲ್ಲಿ ಸಿಲಿಕಾ ಇದ್ದೇ ಇರುತ್ತದೆ.

ಮೆತ್ತಗಿದೆಯೋ ಗಟ್ಟಿಯೋ ಎಂದು ಅಳೆಯಲು ಅಮೆರಿಕದಲ್ಲೊಂದು ಸಂಖ್ಯೆ ಇದೆ, ಟ್ರೆಡ್‌ವೇರ್. ಟೈರಿನ ಪಕ್ಕೆಯ ಮೇಲೆ 200, 400, 560 ಎಂದು ಅಚ್ಚಾಗಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಬೇಗ ಸವೆಯುವ ಟೈರ್, ಸಾಮಾನ್ಯವಾಗಿ ಹೆಚ್ಚು ಹಿಡಿಯುವ ಟೈರ್. ಟೆಕ್ಸಸ್‌ನ ಸ್ಯಾನ್ ಆಂಜೆಲೊ ಸುತ್ತಲಿನ 400 ಮೈಲಿ ಹಾದಿಯಲ್ಲಿ ಒಟ್ಟು 7,200 ಮೈಲಿ ಓಡಿಸಿ, 100 ಎಂದು ಗುರುತಿಸಿದ ಒಂದು ಟೈರಿಗೆ ಹೋಲಿಸಿ ಈ ಲೆಕ್ಕ ಹಾಕುತ್ತಾರೆ. ಹಿಡಿತದ ಹುಚ್ಚಿನವರು ‘200ರ ಟೈರ್’ ಎಂದು ಜಪಿಸುವುದು ಇದನ್ನೇ. ಆದರೆ ಇದರಲ್ಲಿ ಎರಡು ತೊಡಕು. ಸಂಖ್ಯೆ ಅಚ್ಚು ಹಾಕುವುದು ಕಂಪನಿಯೇ ಆದ್ದರಿಂದ ಒಂದು ಕಂಪನಿಯ 400ನ್ನು ಇನ್ನೊಂದರ 400ಕ್ಕೆ ಹೋಲಿಸುವುದು ಕಷ್ಟ. ಇನ್ನು, ಅಳತೆಯಲ್ಲಿ ‘ಎಲ್‌ಟಿ’ ಎಂದಿರುವ ಹೊರೆಗಾಡಿ ಟೈರಿಗೆ ಈ ನಿಯಮವೇ ಇಲ್ಲ. ಬೊಲೆರೊ ಪಿಕಪ್ಪಿನವರು ತಮ್ಮ ಟೈರಿನ ಮೇಲೆ ಎಷ್ಟು ಹುಡುಕಿದರೂ ಆ ಸಂಖ್ಯೆ ಕಾಣದಿರುವುದು ಅದಕ್ಕೇ.

ಸಿಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿತು. ತರಿಸಬೇಕೆಂದರೆ ಪರವಾನಗಿ ಬೇಕು. ಅಂದಿನಿಂದ ಬೇರೆ ದೇಶದ ಅಪರೂಪದ ಅಳತೆಗಳು, ರೇಸಿಗೆ ಹತ್ತಿರದ ಮೆತ್ತನೆ ಟೈರುಗಳು ಬೆಂಗಳೂರು, ಪುಣೆಯಲ್ಲೇ ಹುಡುಕಿದರೂ ಸಿಗುವುದು ದುರ್ಲಭ. ವಿ-ಕ್ರಾಸಿನ 255/60 ಆರ್18 ಅಳತೆಯಲ್ಲಿ ಬೆಳಗಾವಿ, ಹುಬ್ಬಳ್ಳಿ ಅಂಗಡಿಗಳು ತರಿಸಿಕೊಡುವುದು ಹೆದ್ದಾರಿ ಬಗೆಯವು, ಇಲ್ಲವೆ ಅರ್ಧ ಮಣ್ಣಿನ ದಾರಿಗೆಂದು ಮಾಡಿದ ‘ಆಲ್ ಟೆರೇನ್’ ಬಗೆಯವು. ನಾಲ್ಕು ಟೈರಿಗೆ ಅರ್ಧ ಲಕ್ಷದ ಆಸುಪಾಸು ಬೀಳುತ್ತದೆ. ಕಾರಿಗೆಂದೇ ಮಾಡಿದ ಕಡಿಮೆ ಎತ್ತರದ ಟೈರ್ ಕೂರಿಸಲು ಕೆಲವರು ರಿಮ್ ಸಮೇತ ಬದಲಿಸುತ್ತಾರೆ. ಅಲ್ಲಿ ಜನ ಮರೆಯುವುದು ಹೊರೆ ಸಂಖ್ಯೆಯನ್ನು. ಅಳತೆಯ ಪಕ್ಕದಲ್ಲಿ 112 ಎಂದಿದ್ದರೆ ಒಂದು ಟೈರ್ 1,120 ಕಿಲೊ ಹೊರಬಲ್ಲದು. 100 ಎಂದಿದ್ದರೆ 800 ಕಿಲೊ ಮಾತ್ರ. ಖಾಲಿ ಗಾಡಿಯ ತೂಕವೇ ಸುಮಾರು ಎರಡು ಟನ್ ಇರುವಾಗ, ಹಿಂದೆ ಹತ್ತು ಚೀಲ ಹಾಕಿ ಗುಂಡಿಗೆ ಇಳಿಸಿದರೆ ಆ 800ರ ಟೈರಿನ ಪಕ್ಕೆ ಉಬ್ಬುವ ಅಪಾಯವಿದೆ. ಹಿಡಿತ ಎಷ್ಟೇ ಇರಲಿ, ಹೊರೆ ಸಂಖ್ಯೆ ಕಂಪನಿ ಹೇಳಿದ್ದಕ್ಕಿಂತ ಕೆಳಗಿರುವ ಟೈರನ್ನು ಪಿಕಪ್ಪಿಗೆ ಹಾಕಕೂಡದು. ಈ ಮಾತಿನಲ್ಲಿ ನನಗೆ ರಾಜಿಯಿಲ್ಲ.

ಈಗ ನಮ್ಮ ರಸ್ತೆಗೆ ಬರೋಣ. ನಾಲ್ಕು ತಾಲ್ಲೂಕು ಅಂದರೆ ನಾಲ್ಕು ನಮೂನೆಯ ನೆಲ. ಕಿತ್ತೂರು ಮಲೆನಾಡಿನ ಸೆರಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಊರ ಪಕ್ಕವೇ ಹಾಯುವುದರಿಂದ ಜೋರು ಓಡಿಸುವ ಆಸೆ ತೀರುವುದೂ ಅಲ್ಲೇ. ಬೈಲಹೊಂಗಲ ಎರಿ ಭೂಮಿ: ಹತ್ತಿ, ಕಡಲೆ, ಜೋಳ, ನೀರಿರುವಲ್ಲಿ ಕಬ್ಬು. ಸವದತ್ತಿಯಲ್ಲಿ ಎರಿಯೂ ಇದೆ, ಕಲ್ಲುಗುಡ್ಡವೂ ಇದೆ, ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟೂ ಯಲ್ಲಮ್ಮನ ಗುಡ್ಡವೂ ಇವೆ. ರಾಮದುರ್ಗ ಮಳೆ ಕಡಿಮೆಯ ಬಿಸಿಲ ನಾಡು. ಕೆಂಪು ಕಲ್ಲಿನ ಬೆಟ್ಟಗಳ ನಡುವಿನ ರಸ್ತೆ ಏಪ್ರಿಲ್‌ ಹೊತ್ತಿಗೆ ಕಾದ ಹಂಚು.

ಇವುಗಳಲ್ಲಿ ಟೈರಿಗೆ ಯಮನಾಗಿ ಕಾಡುವುದು ಎರಿ. ಒಣಗಿದ್ದಾಗ ಬಿರುಕು ಬಿಟ್ಟು ಕಲ್ಲಾಗಿರುವ ಈ ಮಣ್ಣು ನೀರು ಕುಡಿದರೆ ಉಬ್ಬಿ, ನುಣ್ಣಗಾಗಿ, ಮುಟ್ಟಿದ್ದಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ಮಳೆ ನಿಂತ ಮರುದಿನ ಹೊಲದಿಂದ ಟ್ರ್ಯಾಕ್ಟರ್ ಡಾಂಬರಿಗೆ ಏರುವ ಜಾಗ ನೋಡಿ. ದೊಡ್ಡ ಗಾಲಿ ತಂದ ಹೆಂಟೆಗಳು ಐವತ್ತು ಅರವತ್ತು ಮೀಟರಿನವರೆಗೆ ಸಾಲಾಗಿ ಬಿದ್ದಿರುತ್ತವೆ. ಬಸ್ಸು ಲಾರಿಗಳ ಗಾಲಿಗೆ ಸಿಕ್ಕು ಅವು ಅರೆದು ಪದರವಾಗುತ್ತವೆ. ಬಿಸಿಲಿಗೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ಪಿಕಪ್ ಆ ತುಣುಕಿನ ಮೇಲೆ ಬ್ರೇಕ್ ಹಿಡಿದರೆ ಟೈರಿನ ಸಣ್ಣ ಗೀರುಗಳು ಗಾಲಿ ಒಂದು ಸುತ್ತು ಹಾಕುವಷ್ಟರಲ್ಲಿ ಮಣ್ಣು ತುಂಬಿ ಸಪಾಟಾಗುತ್ತವೆ. ಕೆಳಗಿಳಿದು ಬೆರಳಿನಿಂದ ಕೆರೆದು ನೋಡಿದರೆ ಗೀರು ಎಲ್ಲಿತ್ತು ಎಂದೇ ಗೊತ್ತಾಗುವುದಿಲ್ಲ. ಆಗ ರಸ್ತೆಗೆ ತಾಗುತ್ತಿರುವುದು ರಬ್ಬರ್ ಅಲ್ಲವೇ ಅಲ್ಲ, ಮಣ್ಣಿಗೆ ಮಣ್ಣು. ಮೆತ್ತನೆ ರಸ್ತೆ ಟೈರುಗಳಲ್ಲಿ ಗೀರು ಕಡಿಮೆ, ಇದ್ದವೂ ಆಳವಿಲ್ಲದವು. ಅವು ಬೇಗ ತುಂಬುತ್ತವೆ, ತಾವಾಗಿ ಉದುರಿಸಿಕೊಳ್ಳುವುದಿಲ್ಲ. ಅಗಲ ಕಾಲುವೆಯ, ದೊಡ್ಡ ಬಟನ್ನಿನ ಟೈರ್ ಈ ಒಂದು ವಿಷಯದಲ್ಲಿ ವಾಸಿ. ಆದರೆ ಒಣ ಡಾಂಬರಿನ ಮೇಲೆ ಅದರ ಬಟನ್ನುಗಳು ಬಾಗುತ್ತವೆ, ಗೊರ್ ಎನ್ನುತ್ತವೆ, ತಿರುವಿನಲ್ಲಿ ಗಾಡಿ ತೇಲಾಡಿದಂತಾಗುತ್ತದೆ.

ಲೆಕ್ಕ ಹಾಕಿದರೆ ಚಿತ್ರ ಇನ್ನೂ ನಿಚ್ಚಳ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಒಣ ಡಾಂಬರಿನ ಮೇಲೆ, ಘರ್ಷಣಾಂಕ 0.8 ಎಂದು ಹಿಡಿದರೆ, ಬ್ರೇಕ್ ಕಚ್ಚಿದ ಮೇಲೆ ನಿಲ್ಲಲು ಸುಮಾರು 31 ಮೀಟರ್ ಬೇಕು. ದುಬಾರಿ ಮೆತ್ತನೆ ಟೈರ್ ಹಾಕಿ ಅಂಕ 0.9ಕ್ಕೆ ಏರಿತೆನ್ನಿ, 28 ಮೀಟರ್. ಉಳಿತಾಯ ಮೂರು ಮೀಟರಿನ ಚೂರು. ಮಳೆ ಬಂದು ಅಂಕ 0.5ಕ್ಕೆ ಇಳಿದರೆ 50 ಮೀಟರ್. ಎರಿ ಪದರದ ಮೇಲೆ ಅದು 0.2 ಆಯಿತೋ, 126 ಮೀಟರ್! ಮೂರು ಮೀಟರಿಗಾಗಿ ಅರ್ಧ ಲಕ್ಷ ಸುರಿದವನು ಆ ನೂರು ಮೀಟರಿನ ಬಗ್ಗೆ ಏನೂ ಮಾಡಿರುವುದಿಲ್ಲ. ಅದಕ್ಕೆ ಮದ್ದು ಟೈರ್ ಅಂಗಡಿಯಲ್ಲಿಲ್ಲ, ಎಕ್ಸಲರೇಟರ್ ಮೇಲಿನ ಕಾಲಿನಲ್ಲಿದೆ.

ಅಕ್ಟೋಬರ್ ಮುಗಿದು ಕಬ್ಬಿನ ಹಂಗಾಮು ಶುರುವಾದರೆ ಇನ್ನೊಂದು ತಾಪತ್ರಯ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಾರ್ಖಾನೆಗಳ ಹಾದಿಯುದ್ದಕ್ಕೂ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಸೋಗಿ, ಕಬ್ಬಿನ ತುಂಡು ಉದುರಿಸಿಕೊಂಡು ಸಾಗುತ್ತವೆ. ರಾತ್ರಿ ಇಬ್ಬನಿ ಬಿದ್ದ ಸೋಗಿಯ ಮೇಲೆ ಯಾವ ಕಂಪನಿಯ ಯಾವ ರಬ್ಬರೂ ನಿಲ್ಲದು. ಹಿಂದೆ ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಎದುರಾದರೆ ಆ ಹೊತ್ತಿನಲ್ಲಿ ಬೇಕಾಗುವುದು ಜಾಗ.

ಹಾಗಾದರೆ ಟೈರಿನ ಆಯ್ಕೆಯೇ ವ್ಯರ್ಥವೇ? ಅಲ್ಲ. ನಾಲ್ಕು ತಾಲ್ಲೂಕಿನ ನಿಜವಾದ ಜೋರು ಪಿಕಪ್ ಹೈಲಕ್ಸ್ ಅಲ್ಲ, ಬೊಲೆರೊ ಎಂಬುದನ್ನು ಇಲ್ಲಿ ಹೇಳಲೇಬೇಕು. ಬೆಳಗಾವಿ ಜಿಲ್ಲೆಯ ಕಾಯಿಪಲ್ಲೆ ಗೋವಾಕ್ಕೆ ಹೋಗುವುದು ಹಳೆಯ ವಹಿವಾಟು. ನಸುಕಿನ ಮಾರುಕಟ್ಟೆಗೆ ಮುಟ್ಟಿಸಬೇಕೆಂದು ಕೋತಂಬರಿ, ಮೆಣಸಿನಕಾಯಿ, ಟೊಮೆಟೊ ಹೇರಿಕೊಂಡು ಚೋರ್ಲಾ ಘಾಟಿನ ಮಳೆಯಲ್ಲಿ ಇಳಿಯುವ ಚಾಲಕರಿಗೆ ಹಿಡಿತ ಶೋಕಿಯ ಮಾತಲ್ಲ. ಆ ಗಾಡಿಗಳ ಹೊರೆ ಮಾದರಿಗೆ ತಕ್ಕಂತೆ 1.3 ಟನ್ನಿನಿಂದ 2 ಟನ್. ಎಳೆತ ಹಿಂದಿನ ಗಾಲಿಗೆ, ಹಿಂದೆ ಪಟ್ಟಿ ಸ್ಪ್ರಿಂಗು. ತುಂಬಿ ಹೋಗುವಾಗ ಹಿಂದಿನ ಟೈರ್ ನೆಲ ಕಚ್ಚುತ್ತದೆ, ಇಳಿಸಿ ಖಾಲಿ ಬರುವಾಗ ಅದೇ ಟೈರ್ ಕುಣಿಯುತ್ತದೆ. ಅಪಾಯ ಹೆಚ್ಚು ಇರುವುದು ವಾಪಸು ದಾರಿಯಲ್ಲಿ. ಬ್ರೇಕ್ ಒತ್ತಿದರೆ ತೂಕವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿ ಪಕ್ಕಕ್ಕೆ ಸರಿಯುತ್ತದೆ. ಹೈಲಕ್ಸ್, ವಿ-ಕ್ರಾಸುಗಳೂ ಇದಕ್ಕೆ ಹೊರತಲ್ಲ. ಅವುಗಳ ನಾಲ್ಕು ಗಾಲಿ ಎಳೆತವನ್ನು ಒಣ ಡಾಂಬರಿನಲ್ಲಿ ಹಾಕಿಕೊಂಡು ಓಡಿಸುವಂತಿಲ್ಲ. ನಿತ್ಯದ ರಸ್ತೆಯಲ್ಲಿ ಅವೂ ಹಿಂದಿನ ಎರಡು ಗಾಲಿಯ ಗಾಡಿಗಳೇ.

ಇಲ್ಲಿ ಹವಾ ಲೆಕ್ಕಕ್ಕೆ ಬರುತ್ತದೆ. ಪಂಚರ್ ಅಂಗಡಿಯಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗೆ: ‘ಎಷ್ಟ ಹೊಡೀಲ್ರಿ?’ ‘ನೀನ ನೋಡಪಾ, ಗಟ್ಟಿ ಇರಲಿ.’ ಲೋಡಿಗೆಂದು 50ರ ಮೇಲೆ ಹೊಡೆಸಿದ್ದು ಖಾಲಿ ಓಡುವಾಗಲೂ ಹಾಗೇ ಇರುತ್ತದೆ. ಖಾಲಿ ಪಿಕಪ್ಪಿನ ಹಿಂದಿನ ಒಂದು ಗಾಲಿಯ ಮೇಲೆ 400 ಕಿಲೊ ಬೀಳುತ್ತದೆ ಎನ್ನಿ. ಹವಾ 30 ಪಿಎಸ್‌ಐ ಇದ್ದರೆ ಟೈರ್ ನೆಲಕ್ಕೆ ತಾಗುವ ಜಾಗ ಸುಮಾರು 190 ಚದರ ಸೆಂಟಿಮೀಟರ್. 50 ಇದ್ದರೆ 114 ಮಾತ್ರ. ಪಕ್ಕೆಯ ಬಿಗಿತದಿಂದ ಈ ಅಂಕಿ ತುಸು ಆಚೀಚೆ ಆಗಬಹುದು, ಅಂತರ ಮಾತ್ರ ಸುಳ್ಳಲ್ಲ. ಒಂದು ಅಂಗೈ ಅಗಲದ ರಬ್ಬರ್ ಗಾಡಿಯನ್ನು ಹಿಡಿದಿರುವಾಗ ಅದರಲ್ಲೂ ಐದರಲ್ಲಿ ಎರಡು ಪಾಲು ಕಳೆದುಕೊಂಡು, ಮೆತ್ತನೆ ಟೈರ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತ ತಿರುಗುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಹಾಗೆಂದು ಹವಾ ಬೇಕಾಬಿಟ್ಟಿ ಇಳಿಸುವುದೂ ತರವಲ್ಲ. ನಿಂತ ನೀರಿನ ಮೇಲೆ ಟೈರ್ ತೇಲಿಹೋಗುವ ವೇಗ ಹವಾಕ್ಕೆ ತಕ್ಕಂತೆ ಇಳಿಯುತ್ತದೆ. ವಿಮಾನದ ಟೈರುಗಳ ಮೇಲೆ ನಾಸಾ ಪರೀಕ್ಷೆ ನಡೆಸಿ ಕೊಟ್ಟ ಹಳೆಯ ಸೂತ್ರದಂತೆ 30 ಪಿಎಸ್‌ಐಗೆ ಅದು ಗಂಟೆಗೆ ಸುಮಾರು 91 ಕಿಲೋಮೀಟರ್, 20ಕ್ಕೆ 75ರ ಆಸುಪಾಸು. ಬಾಗಿಲ ಚೌಕಟ್ಟಿನ ಮೇಲೆ ಕಂಪನಿ ಅಂಟಿಸಿದ ಚೀಟಿಯಲ್ಲಿ ಖಾಲಿಗೆ ಒಂದು, ಲೋಡಿಗೆ ಒಂದು ಎಂದು ಎರಡು ಅಂಕಿ ಇರುತ್ತವೆ. ಒಂದು ಗೇಜ್ ಕೊಂಡು ಆ ಚೀಟಿಯಂತೆ ನಡೆದರೆ ಹೊಸ ಟೈರಿನ ಅರ್ಧ ಪ್ರಯೋಜನ ಹಳೆಯದರಲ್ಲೇ ಸಿಗುತ್ತದೆ.

ಇನ್ನರ್ಧ ಟೈರಿನ ವಯಸ್ಸಿನಲ್ಲಿದೆ. ಪಕ್ಕೆಯ ಮೇಲೆ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರದಲ್ಲಿ ಹುಟ್ಟಿದ್ದು. ರಾಮದುರ್ಗದ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಟೈರಿನಲ್ಲಿ ಗೀರಿನ ಆಳ ಇದ್ದರೂ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಉಗುರು ಒತ್ತಿದರೆ ಗುರುತೇ ಬೀಳದು. ಟ್ರ್ಯಾಕ್ಟರಿನ ಪಕ್ಕ ನಿಲ್ಲಿಸಿ ವಾರಕ್ಕೊಮ್ಮೆ ಮಾತ್ರ ತೆಗೆಯುವ ದೊಡ್ಡ ಗಾಡಿಗಳಲ್ಲಿ ಇದು ಸಾಮಾನ್ಯ. ಕಾನೂನು ಕೇಳುವುದು 1.6 ಮಿಲಿಮೀಟರ್ ಗೀರು. ಅದು ದಂಡ ತಪ್ಪಿಸಲು ಸಾಕು, ಕಿತ್ತೂರಿನ ಜುಲೈ ಮಳೆಗೆ ಸಾಲದು. ಮೂರು ಮಿಲಿಮೀಟರಿಗೆ ಇಳಿದಾಗಲೇ ಬದಲಿಸುವುದು ಲೇಸು. ರಿಸೋಲ್ ಮಾಡಿಸಿದ ಟೈರ್ ನಿಧಾನ ಓಡುವ ಟ್ರೇಲರಿಗೆ ಸರಿ, ಜೋರು ಓಡುವ ಪಿಕಪ್ಪಿನ ಮುಂದಿನ ಗಾಲಿಗೆ ಬೇಡವೇ ಬೇಡ.

ಹೊಸದು ಕೊಳ್ಳುವವರಿಗೆ ಒಂದು ಆಧಾರ ಈಚೆಗೆ ಸಿಕ್ಕಿದೆ. 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕಾರು, ಹಗುರ ಹೊರೆಗಾಡಿ, ಭಾರಿ ವಾಹನಗಳ ಟೈರುಗಳಿಗೆ ಉರುಳು ತಡೆ, ಒದ್ದೆ ರಸ್ತೆಯ ಹಿಡಿತ, ಸದ್ದು ಈ ಮೂರರಲ್ಲಿ ಕನಿಷ್ಠ ಮಟ್ಟ ಗೊತ್ತುಮಾಡಿತು. ಒದ್ದೆ ಹಿಡಿತ ಎಂಬ ಮಾತು ನಮ್ಮ ಕಾನೂನಿನಲ್ಲಿ ಬಂದದ್ದೇ ದೊಡ್ಡದು ಎಂದು ನಾನು ತಿಳಿಯುತ್ತೇನೆ. ಯುರೋಪಿನಲ್ಲಿ ಮಾರುವ ಟೈರಿಗೆ ಒದ್ದೆ ಹಿಡಿತದ ದರ್ಜೆ ಎ, ಬಿ ಎಂದು ಚೀಟಿಯ ಮೇಲೇ ಇರುತ್ತದೆ. ಅದೇ ಮಾದರಿ ಇಲ್ಲೂ ಸಿಗುವುದಾದರೆ ಆ ದರ್ಜೆ ನೋಡಿಕೊಳ್ಳಬಹುದು. ಮಾದರಿಯ ಹೆಸರು ಒಂದೇ ಇದ್ದರೂ ಇಲ್ಲಿ ತಯಾರಾದದ್ದರ ರಬ್ಬರ್ ಬೇರೆ ಇರಬಹುದು ಎಂಬ ಎಚ್ಚರವೂ ಇರಲಿ.

ನನ್ನ ತೀರ್ಮಾನ ಇಷ್ಟು. ಬೈಲಹೊಂಗಲ–ಕಿತ್ತೂರು ಕಡೆಯ ವಿ-ಕ್ರಾಸ್, ಹೈಲಕ್ಸಿನವರು ವಾರದ ಬಹುಪಾಲು ಹೆದ್ದಾರಿಯಲ್ಲೇ ಇರುವುದಾದರೆ, ಕಂಪನಿ ಅಳತೆಯಲ್ಲೇ, ಹೊರೆ ಸಂಖ್ಯೆ ಇಳಿಸದೆ, ಅಗಲವಾದ ನಾಲ್ಕು ನೇರ ಕಾಲುವೆ ಇರುವ ಸಿಲಿಕಾ ಬೆರೆತ ಹೆದ್ದಾರಿ ಟೈರ್ ಹಾಕಿಸಿಕೊಳ್ಳಲಿ. ‘ಆಲ್ ಟೆರೇನ್’ ಟೈರಿಗಿಂತ ಅದು ಒಣಗಿನಲ್ಲೂ ಮಳೆಯಲ್ಲೂ ಎದ್ದು ಕಾಣುವಷ್ಟು ಹೆಚ್ಚು ಹಿಡಿಯುತ್ತದೆ. 255/60 ಬಿಟ್ಟು 255/55 ಹಾಕಿದರೆ ಗಾಲಿಯ ಒಟ್ಟು ಎತ್ತರ 763 ಮಿಲಿಮೀಟರಿನಿಂದ 738ಕ್ಕೆ ಇಳಿಯುತ್ತದೆ. ಸ್ಪೀಡೊಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಪಕ್ಕೆ ತೆಳುವಾಗಿ ಸವದತ್ತಿ ರಸ್ತೆಯ ಗುಂಡಿಗೆ ರಿಮ್ ಸೊಟ್ಟಗಾಗುತ್ತದೆ. ತಿರುವಿನಲ್ಲಿ ಬರುವ ಬಿಗಿ ಆ ನಷ್ಟಕ್ಕೆ ಸಮವಲ್ಲ. ಹೊಲದ ದಾರಿ ನಿತ್ಯ ಇರುವವರು ಆಲ್ ಟೆರೇನ್ ಬಿಡಬೇಕಿಲ್ಲ, ಡಾಂಬರಿನ ಮೇಲೆ ಅದರ ಮಿತಿ ಗೊತ್ತಿದ್ದರಾಯಿತು. ಬೊಲೆರೊದವರಿಗೆ ಎಲ್‌ಟಿ ಟೈರ್ ಬಿಟ್ಟು ಬೇರೆ ದಾರಿಯಿಲ್ಲ. ಅದರಲ್ಲಿ ಹೊಸ ತಾರೀಖಿನದು ನೋಡಿ, ಎರಡು ಹೊಸದು ಕೊಂಡರೆ ಅವನ್ನು ಹಿಂದಕ್ಕೆ ಹಾಕಿಸಲಿ. ಮುಂದೆ ಹಾಕಿದರೆ ಸ್ಟೇರಿಂಗ್ ಹಿತವೆನಿಸುತ್ತದೆ ನಿಜ, ಮಳೆಯಲ್ಲಿ ಗಾಡಿ ಬಾಲ ಬೀಸುವುದು ಮಾತ್ರ ಸವೆದ ಹಿಂದಿನ ಟೈರಿನಿಂದ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ ಏರುವ ಪಿಕಪ್ಪುಗಳಿಗೆ ಮಾತ್ರ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಸಾಮಾನಿನ ಡಬ್ಬಿಯಲ್ಲಿ ಜನ ನಿಂತಿರುವಾಗ ತೂಕದ ಕೇಂದ್ರ ಎಷ್ಟು ಮೇಲೆ ಹೋಗುತ್ತದೆಂದರೆ, ಹೆಚ್ಚು ಹಿಡಿಯುವ ಟೈರ್ ಗಾಡಿಯನ್ನು ಜಾರಿಸುವ ಬದಲು ಮಗುಚಿಬಿಡಬಹುದು. 2023ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನ ಚುಂಚನೂರ ಬಳಿ ಯಲ್ಲಮ್ಮನಿಗೆ ಹೊರಟಿದ್ದ ಭಕ್ತರಿದ್ದ ಸಾಮಾನು ಗಾಡಿ ಮರಕ್ಕೆ ಬಡಿದು ಆರು ಜನ ತೀರಿಕೊಂಡರು. ಸಾಮಾನು ಗಾಡಿಯಲ್ಲಿ ಜನರನ್ನು ಒಯ್ಯಕೂಡದೆಂದು ಕಾಯ್ದೆ ಇದೆ. ಹುಣ್ಣಿಮೆಯ ಬಸ್ಸುಗಳು ತುಂಬಿ ತುಳುಕುವಷ್ಟು ಕಾಲ ಆ ಗಾಡಿಗಳೂ ಏರುತ್ತಲೇ ಇರುತ್ತವೆ. ಅವುಗಳ ಚಾಲಕರಿಗೆ ಹೇಳಬಹುದಾದದ್ದು ಒಂದೇ: ಗುಡ್ಡ ಇಳಿಯುವಾಗ ಎರಡನೇ ಗೇರು.